ಪ್ರಶ್ನೋತ್ತರ: ವಾಷಿಂಗ್ಟನ್ ಕೈ ಬಿಗಿಹಿಡಿದರೆ ಅಮೆರಿಕದ ರಾಜ್ಯಗಳ ಪಾಡೇನು?

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಇಲ್ಲಿನ ಒಂದು ರಾಜ್ಯದ ಬಜೆಟ್ ಕಚೇರಿಯಲ್ಲಿ ಹದಿನೆಂಟು ವರ್ಷಗಳಿಂದ ಇದ್ದೀರಿ ಎಂದು ಗುಂಪಿನಲ್ಲಿ ಓದಿದೆ. ನಾನು ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದೇನೆ. ಗುತ್ತಿಗೆ ಕಂಪನಿಯೊಂದರ ಮೂಲಕ ರಾಜ್ಯ ಆರೋಗ್ಯ ಇಲಾಖೆಯ ಲಸಿಕೆ ದಾಖಲೆಗಳ ತಂತ್ರಾಂಶ ನೋಡಿಕೊಳ್ಳುತ್ತೇನೆ. ಇದು ರಾಜ್ಯದ ದುಡ್ಡು ಎಂದುಕೊಂಡಿದ್ದೆ. ಆದರೆ ವಾಷಿಂಗ್ಟನ್ನಿನಿಂದ ಒಂದು ಆದೇಶ ಹೊರಟರೆ ಸಾಕು, ನಮ್ಮ ಮ್ಯಾನೇಜರ್ ಮುಖ ಬಾಡುತ್ತದೆ. ಏಕೆ?

ಉತ್ತರ: ಅವರಿಗೆ ನಿಮ್ಮ ಸಂಬಳದ ಮೂಲ ಗೊತ್ತಿದೆ, ಅದಕ್ಕೆ. ರಾಜ್ಯಗಳ ಒಟ್ಟು ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕೇಂದ್ರದ್ದು. ಅದರಲ್ಲಿ ದೊಡ್ಡ ತುತ್ತು ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ನದು. ಲಸಿಕೆ, ಸಾಂಕ್ರಾಮಿಕ ರೋಗಗಳ ನಿಗಾ ಇಂಥವಂತೂ ಅನುದಾನ ನಂಬಿಕೊಂಡೇ ನಡೆಯುತ್ತವೆ. 2025ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ‘ಕೋವಿಡ್ ಮುಗಿಯಿತು’ ಎಂದು ಹೇಳಿ ಸುಮಾರು 1,100 ಕೋಟಿ ಡಾಲರ್ ಅನುದಾನವನ್ನು ಒಂದೇ ಏಟಿಗೆ ರದ್ದು ಮಾಡಿತು. ರಾಜ್ಯಗಳು ರೋಡ್ ಐಲೆಂಡ್‌ನ ಫೆಡರಲ್ ನ್ಯಾಯಾಲಯದಲ್ಲಿ ತಡೆ ತಂದವು. ಅಷ್ಟರಲ್ಲಿ ಮಿನ್ನೆಸೋಟದ ಆರೋಗ್ಯ ಇಲಾಖೆಯೊಂದರಲ್ಲೇ 170 ಮಂದಿಗೆ ಕೆಲಸ ಹೋದ ಪತ್ರ ತಲುಪಿತ್ತು.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಈ ಹಣ ಮೊದಲೇ ಬಂದು ರಾಜ್ಯದ ತಿಜೋರಿಯಲ್ಲಿ ಕುಳಿತಿರುವುದಿಲ್ಲ. ಖರ್ಚಿನ ಲೆಕ್ಕ ತೋರಿಸಿ, ಬೇಕಾದಾಗ ಬೇಕಾದಷ್ಟು ಪೋರ್ಟಲ್‌ನಲ್ಲಿ ಸೆಳೆದುಕೊಳ್ಳಬೇಕು. 2025ರ ಜನವರಿ 27ರ ಸಂಜೆ ಶ್ವೇತಭವನದ ಬಜೆಟ್ ಕಚೇರಿ ಎರಡು ಪುಟದ ಸುತ್ತೋಲೆ ಹೊರಡಿಸಿ ಅನುದಾನ, ಸಾಲಗಳ ವಿತರಣೆಗೆ ತಡೆ ಹಾಕಿತು. ಮೆಡಿಕೇಡ್‌ಗೆ ಅದು ಅನ್ವಯಿಸುವುದಿಲ್ಲ ಎಂದು ಆಮೇಲೆ ಹೇಳಿದರು, ನಿಜ. ಆದರೆ ಮರುದಿನ ಬೆಳಿಗ್ಗೆ ಮೆಡಿಕೇಡ್ ಪೋರ್ಟಲ್ಲೇ ತೆರೆಯಲಿಲ್ಲ. ನನ್ನ ಪಕ್ಕದ ಮೇಜಿನವರು ಅದೇ ಪುಟವನ್ನು ಮತ್ತೆ ಮತ್ತೆ ಒತ್ತುತ್ತಿದ್ದರು. ನಾನು ಊಟದ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಿದ್ದೆ: ಆಸ್ಪತ್ರೆಗಳಿಗೂ ವೃದ್ಧರ ಆರೈಕೆ ಕೇಂದ್ರಗಳಿಗೂ ವಾರದ ಕೊನೆಗೆ ಹೋಗಬೇಕಾದ ಹಣವನ್ನು ನಮ್ಮ ಕೈಯಿಂದಲೇ ಕೊಟ್ಟರೆ ಎಷ್ಟು ದಿನ ತಡೆದೇವು? ಸಂಜೆ ನ್ಯಾಯಾಲಯ ತಡೆ ಕೊಟ್ಟಿತು, ಬುಧವಾರ ಸುತ್ತೋಲೆಯೇ ವಾಪಸಾಯಿತು. ಆ ಬಿಲ್ಲನ್ನು ನಾನಿನ್ನೂ ಎಸೆದಿಲ್ಲ.

ಪ್ರಶ್ನೆ (ಇನ್ನೊಬ್ಬರು): ಅಕ್ಕ, ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಮಂಜೂರು ಮಾಡಿದ ಹಣವನ್ನು ಅಧ್ಯಕ್ಷರು ತಡೆಹಿಡಿಯಬಹುದೇ? ಬರ ಪರಿಹಾರಕ್ಕಾಗಿ ನಮ್ಮ ಕರ್ನಾಟಕವೂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತಲ್ಲ, ಇದೂ ಅದೇ ಕಥೆಯೇ?

ಉತ್ತರ: ಕಾನೂನು ಹಾಗೆ ಬಿಡುವುದಿಲ್ಲ. ಅಧ್ಯಕ್ಷ ನಿಕ್ಸನ್ ಕಾಲದಲ್ಲಿ ಇದೇ ಜಗಳ ವಿಕೋಪಕ್ಕೆ ಹೋಗಿ 1974ರಲ್ಲಿ ಒಂದು ಕಾಯ್ದೆ ಬಂತು. ಅಧ್ಯಕ್ಷರಿಗೆ ಯಾವುದೋ ಖರ್ಚು ಬೇಡವೆನಿಸಿದರೆ ಕಾಂಗ್ರೆಸ್‌ಗೆ ಕೋರಿಕೆ ಕಳುಹಿಸಬೇಕು. 45 ದಿನಗಳಲ್ಲಿ ಅದು ಒಪ್ಪದಿದ್ದರೆ ಹಣ ಬಿಡಲೇಬೇಕು. ಆದರೆ ಕೇಂದ್ರದ ಲೆಕ್ಕದ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. 2025ರ ಆಗಸ್ಟ್ ಕೊನೆಯಲ್ಲಿ 490 ಕೋಟಿ ಡಾಲರ್ ವಿದೇಶಿ ನೆರವಿನ ಮೇಲೆ ಇಂಥ ಕೋರಿಕೆ ಹೋಯಿತು. 45 ದಿನ ತುಂಬುವ ಮೊದಲೇ ವರ್ಷ ಮುಗಿಯುತ್ತಿತ್ತು, ಬಳಸದ ಆ ಹಣವೂ ರದ್ದಾಗುತ್ತಿತ್ತು. ಆ ತಡೆಯನ್ನು ಸುಪ್ರೀಂ ಕೋರ್ಟ್ ಸದ್ಯಕ್ಕೆ ಮುಂದುವರಿಯಲು ಬಿಟ್ಟಿತು. ಅದು ರಾಜ್ಯಗಳ ಹಣವಲ್ಲ, ಸರಿ. ಆದರೆ ದಾರಿ ಎಲ್ಲರಿಗೂ ಕಂಡಿತು. ಅಂದಿನಿಂದ ನಮ್ಮ ಕಚೇರಿಯಲ್ಲಿ ಆಗಸ್ಟ್ ತಿಂಗಳಿಗೆ ಬೇರೆಯೇ ಒಂದು ಭಯ.

ಕರ್ನಾಟಕದ ಹೋಲಿಕೆ ಅರ್ಧ ಸರಿ. ಆ ಬರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. 2024ರ ಮಾರ್ಚ್‌ನಲ್ಲಿ ಕೋರ್ಟಿಗೆ ಹೋದ ಮೇಲೆ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂಬ ತಕರಾರು ಎರಡೂ ಕಡೆ ಒಂದೇ. ಆದರೆ ಅಲ್ಲಿ ಹಣಕಾಸು ಆಯೋಗವಿದೆ, ಕೇಂದ್ರದ ತೆರಿಗೆಯಲ್ಲಿ ರಾಜ್ಯಕ್ಕೆ ಸಂವಿಧಾನವೇ ಕೊಟ್ಟ ಪಾಲಿದೆ. ಇಲ್ಲಿ ಅಂಥ ಪಾಲಿಲ್ಲ. ಬರುವುದೆಲ್ಲ ಅನುದಾನ, ಒಂದೊಂದಕ್ಕೂ ಒಂದೊಂದು ಕಾನೂನು, ಒಂದೊಂದು ಷರತ್ತು. ಇಲ್ಲಿ 21 ತುಂಬುವವರೆಗೆ ಮದ್ಯ ಸಿಗದಿರುವುದಕ್ಕೂ ಅನುದಾನವೇ ಕಾರಣ. ವಯಸ್ಸಿನ ಮಿತಿ ಏರಿಸದ ರಾಜ್ಯಕ್ಕೆ ಹೆದ್ದಾರಿ ಹಣದಲ್ಲಿ ಕತ್ತರಿ ಎಂದು 1984ರಲ್ಲಿ ಕಾಂಗ್ರೆಸ್ ಕಾಯ್ದೆ ಮಾಡಿತು, 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಷರತ್ತು ಹಾಕುವುದು ತಪ್ಪಲ್ಲ. ಯಾರು ಹಾಕುತ್ತಾರೆ, ಹಣ ಕೊಡುವ ಮೊದಲೇ ಹೇಳಿದ್ದಾರೆಯೇ ಎಂಬುದರ ಮೇಲೆ ಈಗಿನ ಮೊಕದ್ದಮೆಗಳು ನಿಂತಿವೆ.

ಪ್ರಶ್ನೆ (ಮತ್ತೊಬ್ಬರು): ಕೇಂದ್ರ ಖರ್ಚು ಕಡಿಮೆ ಮಾಡಿದರೆ ಒಳ್ಳೆಯದೇ ಅಲ್ಲವೇ? ನಮ್ಮ ತೆರಿಗೆ ಉಳಿಯುತ್ತದೆ.

ಉತ್ತರ: ಖರ್ಚು ಕಡಿಮೆಯಾದರೆ ಉಳಿಯುತ್ತದೆ, ಸರ್. ಖರ್ಚು ಜಾಗ ಬದಲಿಸಿದರೆ ಉಳಿಯುವುದಿಲ್ಲ. ಬಡವರಿಗೆ ದಿನಸಿಗೆಂದು ಕೊಡುವ ಸ್ನ್ಯಾಪ್ ಯೋಜನೆಯನ್ನೇ ನೋಡಿ. ಇಷ್ಟು ಕಾಲ ಫಲಾನುಭವಿಗಳಿಗೆ ಹೋಗುವ ಹಣ ಪೂರ್ತಿ ಕೇಂದ್ರದ್ದು, ಕಚೇರಿ ನಡೆಸುವ ಖರ್ಚು ಮಾತ್ರ ಸಮಪಾಲು. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯ ಪ್ರಕಾರ 2026ರ ಅಕ್ಟೋಬರ್‌ನಿಂದ ಕಚೇರಿ ಖರ್ಚಿನಲ್ಲಿ ರಾಜ್ಯದ ಪಾಲು ಶೇ 75. 2027ರ ಅಕ್ಟೋಬರ್‌ನಿಂದ ದಿನಸಿ ಹಣದಲ್ಲೂ ಪಾಲು ಕೊಡಬೇಕು. ಈ ಹಣ ಹಂಚುವಾಗ ರಾಜ್ಯ ಮಾಡುವ ಲೆಕ್ಕದ ತಪ್ಪು ಶೇ 6ಕ್ಕಿಂತ ಕಡಿಮೆಯಿದ್ದರೆ ಏನೂ ಇಲ್ಲ. ಅಲ್ಲಿಂದ ಮೇಲೆ ಶೇ 5, 10 ಎಂದು ಏರುತ್ತದೆ. ತಪ್ಪು ಶೇ 10 ಮುಟ್ಟಿದರೆ ಪಾಲು ಶೇ 15. 2024ರ ಸಾಲಿನಲ್ಲಿ ದೇಶದ ಸರಾಸರಿ ತಪ್ಪೇ ಶೇ 10.93 ಇತ್ತು. ವರ್ಷಕ್ಕೆ ನೂರು ಕೋಟಿ ಡಾಲರ್ ಹಂಚುವ ರಾಜ್ಯ ಹದಿನೈದು ಕೋಟಿಯನ್ನು ಹೊಸದಾಗಿ ಹುಡುಕಬೇಕು ಎಂದಾಯಿತು.

ಈ ತಪ್ಪು ಎಂದರೆ ಕಳ್ಳತನವಲ್ಲ. ಹೆಚ್ಚು ಕೊಟ್ಟರೂ ತಪ್ಪು, ಕಡಿಮೆ ಕೊಟ್ಟರೂ ತಪ್ಪು. ಯಾರೋ ಓವರ್‌ಟೈಮ್ ದುಡಿದದ್ದನ್ನು ತಡವಾಗಿ ತಿಳಿಸಿದರೂ ಅದರಲ್ಲಿ ಸೇರುತ್ತದೆ. ತಮಾಷೆ ಎಂದರೆ, ತೀರಾ ಹೆಚ್ಚು ತಪ್ಪು ಮಾಡಿದ ರಾಜ್ಯಗಳಿಗೆ ಎರಡು ವರ್ಷದವರೆಗೆ ಹೆಚ್ಚಿನ ಗಡುವಿದೆ. ಚೂರುಪಾರು ಸುಧಾರಿಸಿಕೊಂಡವರೇ ಮೊದಲು ಕಟ್ಟಬೇಕು!

ಸಾಲ ಮಾಡಿ ದಿನ ದೂಡುವ ಅನುಕೂಲ ಕೇಂದ್ರಕ್ಕಿದೆ, ರಾಜ್ಯಕ್ಕಿಲ್ಲ. ವರ್ಮಾಂಟ್ ಒಂದನ್ನು ಬಿಟ್ಟು ಉಳಿದೆಲ್ಲ ರಾಜ್ಯಗಳೂ ಬಜೆಟ್ ಸರಿದೂಗಿಸಲೇಬೇಕೆಂಬ ನಿಯಮಕ್ಕೆ ಒಳಪಟ್ಟಿವೆ. ಹಾಗಾಗಿ ಸ್ನ್ಯಾಪ್‌ನ ಹದಿನೈದು ಕೋಟಿಯನ್ನು ವಿಶ್ವವಿದ್ಯಾಲಯದಿಂದಲೋ ರಸ್ತೆಯಿಂದಲೋ ಕೀಳಬೇಕು, ಇಲ್ಲವೇ ನಿಮ್ಮ ತೆರಿಗೆ ಏರಿಸಬೇಕು. ಮಕ್ಕಳ ಕಾಲೇಜು ಶುಲ್ಕ ಏರಿದಾಗ ಅದಕ್ಕೂ ಸ್ನ್ಯಾಪ್‌ಗೂ ನಂಟಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಪ್ರಶ್ನೆ (ಮೊದಲನೆಯವರು): ಮೇಡಂ, ಹಾಗಾದರೆ ನಾನೀಗ ಏನು ಮಾಡಲಿ?

ಉತ್ತರ: ನಿಮ್ಮ ಹುದ್ದೆಗೆ ಯಾವ ಅನುದಾನದಿಂದ ಹಣ ಬರುತ್ತದೆ, ಅದು ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಮ್ಯಾನೇಜರನ್ನು ನೇರವಾಗಿ ಕೇಳಿ. ಸಂಕೋಚ ಬೇಡ, ಅದು ಗುಟ್ಟಿನ ವಿಷಯವಲ್ಲ. ಗುತ್ತಿಗೆ ಪತ್ರದಲ್ಲಿ ‘ಅನುದಾನದ ಲಭ್ಯತೆಗೆ ಒಳಪಟ್ಟು’ ಎಂಬ ಸಾಲಿದೆಯೇ, ಎಷ್ಟು ದಿನದ ನೋಟಿಸ್ ಎಂದು ನೋಡಿ. ಕೆಲಸ ಹೋದರೆ ಎಚ್-1ಬಿಯವರಿಗೆ ಬೇರೆ ಕೆಲಸ ಹಿಡಿಯಲು ಸಿಗುವುದು ಹೆಚ್ಚೆಂದರೆ 60 ದಿನ, ಇಲ್ಲಿರಲು ಅನುಮತಿಯ ಗಡುವು ಬರೆದ ಐ-94 ದಾಖಲೆ ಅದಕ್ಕೂ ಮೊದಲೇ ಮುಗಿದರೆ ಅಷ್ಟೂ ಇಲ್ಲ. ಕೋರ್ಟು ಅನುದಾನವನ್ನು ಮತ್ತೆ ಕೊಡಿಸಿದರೂ ನಿಮ್ಮ ಆ ದಿನಗಳು ನಿಲ್ಲುವುದಿಲ್ಲ, ಆದ್ದರಿಂದ ವಲಸೆ ವಕೀಲರೊಬ್ಬರ ಜೊತೆ ಈಗಲೇ ಒಮ್ಮೆ ಮಾತನಾಡಿಡಿ. ಅನುದಾನದ ಹೆಸರು ಸಿಕ್ಕರೆ ಗುಂಪಿನಲ್ಲಿ ಹಾಕಬೇಡಿ, ನನಗೊಬ್ಬಳಿಗೇ ಕಳುಹಿಸಿ. ಭಾನುವಾರ ಬಿಡುವಾಗಿ ಕುಳಿತು ನೋಡುತ್ತೇನೆ.