ಡ್ರೋನ್ ಸಿಮ್ಯುಲೇಶನ್‌ಗೆ ‘ತಾಲೀಮು’ ಅನ್ನಬಹುದಾ?

ಗೆಳೆಯರೇ,

ಮನೆಯಲ್ಲಿ ಜೋಡಿಸಿದ ನಾಲ್ಕು ಫ್ಯಾನಿನ ಡ್ರೋನನ್ನು ಮೊದಲು ಗಜೀಬೊ ತಂತ್ರಾಂಶದಲ್ಲಿ ಹಾರಿಸಿ ನೋಡುವುದು ಹೇಗೆ ಅಂತ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ಹೀಗೆ ಕಂಪ್ಯೂಟರಿನಲ್ಲೇ ಹಾರಿಸಿ ನೋಡುವ ಸಿಮ್ಯುಲೇಶನ್‌ಗೆ ಕನ್ನಡದಲ್ಲಿ ಏನನ್ನೋಣ?

‘ಅನುಕರಣೆ’ ಅನ್ನುವವರಿದ್ದಾರೆ. ಆದರೆ ಅನುಕರಣೆ ಅಂದರೆ ನೋಡಿ ಹಾಗೇ ಮಾಡುವುದು, ಅಲ್ವಾ? ಇಲ್ಲಿ ಯಾರೂ ಯಾರನ್ನೂ ನೋಡುತ್ತಿಲ್ಲ. ಫ್ಯಾನಿನ ವೇಗ ಎರಡರಷ್ಟಾದರೆ ನೂಕುಬಲ ನಾಲ್ಕರಷ್ಟಾಗುತ್ತದೆ. ಆಗ ಡ್ರೋನ್ ಎಷ್ಟು ಏರುತ್ತದೆ, ಎತ್ತ ವಾಲುತ್ತದೆ ಅಂತ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ಪೇಪರಿನಲ್ಲಿ ಬರುವ ‘ಅಣಕು ಕಾರ್ಯಾಚರಣೆ’ ನೋಡಿ ‘ಅಣಕು ಹಾರಾಟ’ ಅನ್ನಬಹುದು. ನನಗೇನೋ ಅದು ಡ್ರೋನನ್ನು ಗೇಲಿ ಮಾಡಿದ ಹಾಗೆ ಕೇಳುತ್ತದೆ.

ನನ್ನ ಒಲವು ‘ತಾಲೀಮು’ ಕಡೆಗೆ. ಮೈಸೂರು ದಸರಾಗೆ ಮುಂಚೆ ಆನೆಗೆ ಮರಳುಮೂಟೆ ಹೊರಿಸಿ ನಡೆಸುತ್ತಾರೆ. ಆಮೇಲೆ ಮರದ ಅಂಬಾರಿ ಕಟ್ಟುತ್ತಾರೆ. ಚಿನ್ನದ ಅಂಬಾರಿ ಸುಮಾರು 750 ಕೆಜಿ. ಬರೀ ತೂಕ ಅಭ್ಯಾಸವಾದರೆ ಸಾಕು ಅಂದಿದ್ದರೆ ಮರಳುಮೂಟೆಗೇ ನಿಲ್ಲಿಸಬಹುದಿತ್ತು. ಮೂಟೆ ಬೆನ್ನಿಗೆ ಅಂಟಿ ಕೂರುತ್ತದೆ, ಅಂಬಾರಿ ಎತ್ತರಕ್ಕೆ ನಿಂತು ತೊನೆದಾಡುತ್ತದೆ. ಡ್ರೋನಿನಲ್ಲೂ ತೂಕ ಎಷ್ಟಿದೆ ಅನ್ನುವಷ್ಟೇ ಎಲ್ಲಿದೆ ಅನ್ನುವುದೂ ಮುಖ್ಯ. ಒಂದೇ ತೊಡಕು: ತಾಲೀಮಿನಲ್ಲಿ ಆನೆ ನಿಜದ್ದು, ನನ್ನ ಪರದೆಯಲ್ಲಿ ಆನೆಯೂ ಸುಳ್ಳು. ಪದ ಅಷ್ಟು ದೂರ ಹಿಗ್ಗುತ್ತದಾ?

ಎರಡನೇ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ‘ಮೊಮೆಂಟ್ ಆಫ್ ಇನರ್ಶಿಯಾ’ಗೆ ಮನೆಮಾತಿನ ಪದ ಬೇಕು. ಒಂದು ವಸ್ತು ತಿರುಗಲು ಎಷ್ಟು ಮೊಂಡು ಹಿಡಿಯುತ್ತದೆ ಅನ್ನುವ ಲೆಕ್ಕ ಅದು. ಬ್ಯಾಟರಿ ಮಧ್ಯದಲ್ಲಿದ್ದರೆ ಮೊಂಡು ಕಡಿಮೆ. ಮೋಟಾರು ತೋಳಿನ ತುದಿಗೆ ಹೋದಷ್ಟೂ ಜಾಸ್ತಿ, ದೂರ ಎರಡರಷ್ಟಾದರೆ ಅದರ ಪಾಲು ನಾಲ್ಕರಷ್ಟು. ಮೊದಲ ಸಲ ಗಜೀಬೊದಲ್ಲಿ ಈ ಲೆಕ್ಕ ತುಂಬುವ ಜಾಗ ಖಾಲಿ ಬಿಟ್ಟಿದ್ದೆ, ತಪ್ಪು ನನ್ನದೇ. ಖಾಲಿ ಬಿಟ್ಟರೆ ಅಲ್ಲಿ 1 (ಕೆಜಿ-ಚದರ ಮೀಟರ್ ಲೆಕ್ಕದಲ್ಲಿ) ಅಂತ ಕೂರುತ್ತದೆ. ನನ್ನ 1.2 ಕೆಜಿ ಡ್ರೋನಿಗೆ ಬೇಕಿದ್ದದ್ದು 0.015ರ ಆಸುಪಾಸು. ವಾಲು ಅಂದರೆ ಎಮ್ಮೆ ಥರ ಯೋಚಿಸಿ ವಾಲುತ್ತಿತ್ತು, ವಾಲಿದ ಮೇಲೆ ನಿಲ್ಲುತ್ತಿರಲಿಲ್ಲ! ಕೊನೆಗೆ ನಿಜವಾದ ಡ್ರೋನನ್ನು ಎರಡು ದಾರದಲ್ಲಿ ತೂಗುಹಾಕಿ, ಸ್ವಲ್ಪ ತಿರುಚಿ ಬಿಟ್ಟು, ಒಂದೊಂದು ಓಲಾಟಕ್ಕೆ ಎಷ್ಟು ಹೊತ್ತು ಅಂತ ಅಳೆದು ಲೆಕ್ಕ ಕಂಡುಕೊಂಡೆ.

‘ಜಡತ್ವ’ ಶಾಲೆಯಿಂದಲೇ ಗೊತ್ತು, ಆದರೆ ಅದರಲ್ಲಿ ತಿರುಗುವ ಮಾತಿಲ್ಲ. ‘ತಿರುಗುಜಡತೆ’ ಅಂತ ನಾನೇ ಸುಮ್ನೆ ಕಟ್ಟಿದ್ದೇನೆ, ಹುಡುಗರು ಒಪ್ಪುತ್ತಾರೋ ಇಲ್ಲವೋ. ಕುಂಬಾರರ ತಿಗರಿಯೂ ಹೀಗೇ ಅಲ್ವಾ? ಶುರುವಿಗೆ ತಿರುಗಲು ಹಟ, ತಿರುಗಿದ ಮೇಲೆ ನಿಲ್ಲಲು ಹಟ. ಅದಕ್ಕೆ ಅವರ ಬಾಯಲ್ಲಿ ಒಂದು ಮಾತು ಇರಲೇಬೇಕು. ಕೇಳಿದವರು ತಿಳಿಸಿ, ಯಾವ ಕಡೆಯ ಮಾತು ಅಂತಲೂ ಬರೆಯಿರಿ.