ಸಹಾಯ ಬೇಕು: ವಾಟ್ಸಾಪ್ ಮೆಸೇಜ್ ಪತ್ರಿಕೆ ಲೆಕ್ಕಕ್ಕೋ, ಗುಂಪಿನ ಮುಂದಿನ ಭಾಷಣದ ಲೆಕ್ಕಕ್ಕೋ?

ನಮಸ್ಕಾರ್ರಿ. ಧಾರವಾಡದ ಡಿಗ್ರಿ ಹುಡುಗರ ಚರ್ಚಾಸ್ಪರ್ಧೆಗೆ ವಾಕ್ ಸ್ವಾತಂತ್ರ್ಯದ ಮಿತಿ ಬಗ್ಗೆ ಟಿಪ್ಪಣಿ ತಯಾರ ಮಾಡಾಕತ್ತೇವಿ. ಒಂದು ಗಂಟು ಬಿಚ್ಚವಲ್ದು.

1859ರಾಗ ಇಂಗ್ಲೆಂಡಿನ ತತ್ವಜ್ಞಾನಿ ಜೆ.ಎಸ್. ಮಿಲ್ ಹೇಳಿದ್ದು ಹಿಂಗ: ಧಾನ್ಯದ ವ್ಯಾಪಾರಿಗಳು ಬಡವರನ್ನ ಉಪವಾಸ ಕೆಡವ್ತಾರ ಅಂತ ಪತ್ರಿಕೆಯೊಳಗ ಅಚ್ಚಾದ್ರ ತಡೀಬಾರದು, ಅದ ಮಾತನ್ನ ವ್ಯಾಪಾರಿ ಮನಿ ಮುಂದ ಸಿಟ್ಟಿಗೆದ್ದ ಗುಂಪಿಗೆ ಹೇಳಿದ್ರ ಶಿಕ್ಷೆ ಕೊಡಬಹುದು. ಮಾತು ಒಂದ, ಸಂದರ್ಭ ಬ್ಯಾರೆ.

ಈಗ ಅಮರಗೋಳ ಎಪಿಎಂಸಿಯೊಳಗ ಉಳ್ಳಾಗಡ್ಡಿ ರೇಟು ಬಿದ್ದ ದಿನ ‘ದಲಾಲರು ರೈತರನ್ನ ಮುಳುಗಿಸ್ಯಾರ’ ಅಂತ ಗ್ರೂಪಿಗೆ ಮೆಸೇಜ್ ಬಂತು ಅಂದುಕೊಳ್ರಿ. ಅರ್ಧ ಮಂದಿ ಮನ್ಯಾಗ ಚಾ ಕುಡಕೋತ ಓದ್ತಾರ, ಉಳದವರು ಅದ ದಲಾಲಿ ಅಂಗಡಿ ಮುಂದ ನಿಂತಾರ.

ವಾಕ್ ಸ್ವಾತಂತ್ರ್ಯಕ್ಕ ಮಿತಿ ಹಾಕಾಕ ಅವಕಾಶ ಕೊಡೋ ಸಂವಿಧಾನದ 19(2)ನೇ ವಿಧಿ ಹಚ್ಚಿ ನೋಡಿದ್ವಿ. ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಾಲ್ ತೀರ್ಪು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಅಂತ ಬ್ಯಾರೆ ಮಾಡಿ, ಪ್ರಚೋದನೆ ಮಟ್ಟ ಮುಟ್ಟಿದ್ರಷ್ಟ ನಿರ್ಬಂಧ ಅಂತೈತಿ. ಅದ ಕೋರ್ಟಿನ 1960ರ ಲೋಹಿಯಾ ತೀರ್ಪು ಮಾತಿಗೂ ಗಲಾಟೆಗೂ ನೇರ, ಹತ್ತಿರದ ಸಂಬಂಧ ಕೇಳ್ತೈತಿ. ಆದ್ರ ಒಂದ ಮೆಸೇಜು ಒಬ್ಬಗ ಹತ್ತಿರ, ಇನ್ನೊಬ್ಬಗ ದೂರ ಆದಾಗ? (‘ಭಾವನೆಗೆ ಧಕ್ಕೆ’ ವಾದ ತರಬ್ಯಾಡ್ರಿ, ಅದು ಬ್ಯಾರೇನ ರಾಮಾಯಣ.)

ತಿಳದವರು ಹೇಳ್ರಿ: ಮಿಲ್‌ನ ವಾದದ ಪ್ರಕಾರ ಇಲ್ಲಿ ಬರದಾವನ ಉದ್ದೇಶ ಅಳೀಬೇಕೋ, ಓದೋರು ನಿಂತ ಜಾಗ ಅಳೀಬೇಕೋ?