ಸಹಾಯ ಬೇಕು: ಲೂಸಿ ಸ್ಲೋ ಅವರ ಕಾಗದಪತ್ರ ನೋಡಿಬರುವವರು ಇದ್ದೀರಾ?

ನಮಸ್ಕಾರ. ಅಮೆರಿಕದ ವಾಷಿಂಗ್ಟನ್ ಡಿ.ಸಿ. ಕಡೆ ಇರುವ ಕನ್ನಡಿಗರು ದಯವಿಟ್ಟು ಓದಿ.

ಅಮೆರಿಕದ ಕಪ್ಪು ಶಿಕ್ಷಣತಜ್ಞೆ ಲೂಸಿ ಡಿಗ್ಸ್ ಸ್ಲೋ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. 1922ರಲ್ಲಿ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರ ಡೀನ್ ಆದವರು. 1937ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ಕಾಲೇಜು ಓದಿದ ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘಕ್ಕೆ ಮೊದಲ ಅಧ್ಯಕ್ಷೆ. 1917ರ ಟೆನಿಸ್ ಚಾಂಪಿಯನ್ ಕೂಡ!

ಕ್ಯಾಂಪಸ್‌ನಲ್ಲೇ ವಾಸ ಮಾಡಬೇಕು ಅಂತ ಆಡಳಿತದವರು ಪಟ್ಟು ಹಿಡಿದರೂ ಅವರು ತಮ್ಮ ಮನೆ ಬಿಡಲು ಒಪ್ಪಲಿಲ್ಲ. ಆ ಜಗಳದ ಪತ್ರಗಳೇ ನನಗೆ ಜಾಸ್ತಿ ಬೇಕು. ಅವರದೇ ಮಾತಿನಲ್ಲಿ ಓದಬೇಕು, ಅಲ್ವಾ?

ಅವರ ಕಾಗದಪತ್ರಗಳು ಹೊವಾರ್ಡ್‌ನ ಮೂರ್‌ಲ್ಯಾಂಡ್-ಸ್ಪಿಂಗಾರ್ನ್ ಸಂಶೋಧನಾ ಕೇಂದ್ರದಲ್ಲಿವೆ. ನಾನಿರುವುದು ಧಾರವಾಡದಲ್ಲಿ. ಯಾರಾದರೂ ಮೊದಲೇ ಸಮಯ ಕೇಳಿಕೊಂಡು ಹೋಗಿ, ಅನುಮತಿ ಸಿಕ್ಕರೆ ಫೋಟೊ ತೆಗೆದು ಕಳಿಸುವಿರಾ? ಖರ್ಚು ನನ್ನದು. ಇಲ್ಲೇ ಉತ್ತರಿಸಿ, ಬೇಕಾದ ಪತ್ರಗಳ ಪಟ್ಟಿ ಕಳಿಸುತ್ತೇನೆ.